ಶಕ್ತಿ ಮಾತ್ರೆಯ ಡಬ್ಬಿ

ಅಣ್ಣನ ಕೈ ಸೆಟೆದದ್ದು ಆಸ್ಪತ್ರೆಯವರ ತಪ್ಪೆಂದೇ ನಾನು ಜಗಳಕ್ಕೆ ಹೋಗಿದ್ದೆ. ಅವನಂತೆ ಕಾಲರು ಕೂರಿಸುವ ದರ್ಜಿ ನಮ್ಮ ಬೀದಿಯಲ್ಲಿ ಇನ್ನೊಬ್ಬನಿಲ್ಲ. ಈಗ ಸೂಜಿಗೆ ದಾರ ಪೋಣಿಸಲೂ ಆಗದು. ಕತ್ತು ಒಂದು ಕಡೆ ವಾಲಿ, ಬಾಯಂಚಿನಲ್ಲಿ ಜೊಲ್ಲು. ಹೊಲಿಗೆ ಯಂತ್ರ ತನ್ನನ್ನು ಬೈಯುತ್ತದೆ ಎನ್ನುವುದೇನೋ ನಿಂತಿತ್ತು. ಮನೋವೈದ್ಯೆಯ ಮಾತ್ರೆ ಹತ್ತೇ ದಿನದಲ್ಲಿ ಯಂತ್ರದ ಬಾಯನ್ನೂ ಮುಚ್ಚಿಸಿತು, ಅಣ್ಣನ ಬಾಯನ್ನೂ.

ನಾಲ್ಕು ದಿನದಿಂದ ಅವನು ಯಾವ ಮಾತ್ರೆಯನ್ನೂ ನುಂಗಿರಲಿಲ್ಲ. ಎಚ್‌ಐವಿ ಮಾತ್ರೆಯನ್ನೂ. ಅದನ್ನು ಒಂದು ದಿನವೂ ತಪ್ಪಿಸಬಾರದೆಂದು ಅದೇ ಆಸ್ಪತ್ರೆಯ ಎಚ್‌ಐವಿ ವಿಭಾಗದ ನರ್ಸಕ್ಕ ಐದು ವರ್ಷದಿಂದ ಹೇಳಿ ಹೇಳಿ ನಮ್ಮ ಕಿವಿ ತೂತಾಗಿತ್ತು.

"ವಿಷ ಹಾಕ್ತಿದ್ದೀರ ನಂಗೆ," ಎಂದಷ್ಟೇ ತೊದಲುತ್ತಿದ್ದ. "ಡಬ್ಬಿ ಮೇಲೊಂದು, ಒಳಗೊಂದು."

ಅಣ್ಣನನ್ನೂ ಅಮ್ಮನನ್ನೂ ಕರೆದುಕೊಂಡು, ಸರತಿ ಮುರಿದು ಮನೋವೈದ್ಯೆಯ ಕೋಣೆಗೆ ನುಗ್ಗಿದೆ. ಇವನನ್ನು ಕೊರಡು ಮಾಡಿದಿರಲ್ಲ ಎಂದು ಕೂಗಾಡಿದೆ. ವೈದ್ಯೆ ಮೊದಲು ಅಣ್ಣನ ಮೊಣಕೈ ಮಡಚಿ ನೋಡಿದಳು. ಅದು ತುಕ್ಕು ಹಿಡಿದ ಬಾಗಿಲಿನಂತೆ ತಡೆತಡೆದು ಮಡಚಿತು.

"ಬೇರೆ ಏನಾದ್ರೂ ಮಾತ್ರೆ ತಗೋತಾರಾ ಅಂತ ಅವತ್ತೇ ಕೇಳಿದ್ದೆ. ಏನು ಹೇಳಿದ್ರಿ?"

ಅಮ್ಮ ನನ್ನ ಕಡೆ ನೋಡಿದಳು. ಹೇಳಿದವನು ನಾನೇ. ಶಕ್ತಿ ಮಾತ್ರೆ ಅಂತ.

ತಿಂಗಳು ತಿಂಗಳು ಅಮ್ಮ ಬಚ್ಚಲಲ್ಲಿ ಚಿಲಕ ಹಾಕಿಕೊಂಡು, ಎಚ್‌ಐವಿ ಮಾತ್ರೆಗಳನ್ನು ಒಂದು ಹಸಿರು ಶಕ್ತಿ ಮಾತ್ರೆ ಡಬ್ಬಿಗೆ ಸುರಿಯುತ್ತಿದ್ದಳು. ಗಿರಾಕಿಗಳು ಅಳತೆ ಕೊಡಲು ಮನೆಗೇ ಬರುತ್ತಾರೆ. ವಿಷಯ ತಿಳಿದರೆ ಯಾರು ಇವನ ಕೈಯಿಂದ ಕೊರಳಿಗೆ ಟೇಪು ಹಾಕಿಸಿಕೊಳ್ಳುತ್ತಾರೆ?

ಅಮ್ಮ ಚೀಲದ ತಳದಿಂದ ಎಚ್‌ಐವಿ ವಿಭಾಗದ ಕಾರ್ಡು ತೆಗೆದಳು. ವೈದ್ಯೆ ಓದಿ ಹಣೆ ಒತ್ತಿಕೊಂಡಳು. ಈ ಸೋಂಕಿದ್ದವರ ಮೈಗೆ ಮನಸ್ಸಿನ ಮಾತ್ರೆ ಬೇಗ ಜೋರಾಗುತ್ತದಂತೆ. ಇವನು ನುಂಗುವ ಎಚ್‌ಐವಿ ಮಾತ್ರೆ ಅದನ್ನು ರಕ್ತದಲ್ಲಿ ಇನ್ನೂ ಏರಿಸುತ್ತದಂತೆ. ಗೊತ್ತಿದ್ದರೆ ಬೇರೆ ಮಾತ್ರೆ, ಅದೂ ಕಾಲು ಭಾಗದಿಂದ ಶುರು ಮಾಡುತ್ತಿದ್ದಳಂತೆ.

ಸಿಟ್ಟು ಎಲ್ಲಿಗೆ ಹೋಗಬೇಕು? "ನಿಮ್ಮ ಆ ಕಟ್ಟಡಕ್ಕೂ ಈ ಕಟ್ಟಡಕ್ಕೂ ನಲವತ್ತು ಹೆಜ್ಜೆ, ಮೇಡಂ. ಎತ್ತು ಏರಿಗೆ, ಕೋಣ ನೀರಿಗೆ. ಒಂದು ಕಾಗದ ಈ ಕಡೆ ಬರಬಾರದಿತ್ತಾ?"

"ಬರಬೇಕಿತ್ತು," ಅಂದಳು. ಆ ವಿಭಾಗಕ್ಕೆ ಫೋನು ಮಾಡಿ ಮಾತಾಡಿ, ಹೊಸ ಮಾತ್ರೆ ಬರೆದಳು.

ಬರೆದರೇನು, ನುಂಗುವವನು ಅಣ್ಣ. ಮನೆಗೆ ಬಂದು ಹಲ್ಲು ಕಚ್ಚಿ ಕೂತ. ಅಮ್ಮ ಇನ್ನೂ ಸುರಿಯದಿದ್ದ ಈ ತಿಂಗಳ ಎಚ್‌ಐವಿ ಡಬ್ಬಿಯನ್ನು ನಾನು ಹೆಸರಿನ ಚೀಟಿ ಸಮೇತ ತಂದು ಹೊಲಿಗೆ ಯಂತ್ರದ ಮೇಲಿಟ್ಟೆ. ಬಾಗಿಲಲ್ಲಿ ಪ್ಯಾಂಟು ಕೇಳಲು ಬಂದ ಗಿರಾಕಿ ನಿಂತಿದ್ದ. ಅಮ್ಮ ಡಬ್ಬಿಗೆ ಬಟ್ಟೆ ತುಂಡು ಮುಚ್ಚಲು ಓಡಿಬಂದಳು. ನಾನು ಅವಳ ಕೈ ಹಿಡಿದೆ.

ಅಣ್ಣ ಒಂದೊಂದೇ ಅಕ್ಷರ ಓದಿದ.

"ಶಕ್ತಿ ಮಾತ್ರೆ ಅಂತ ಸುಳ್ಳು ಹೇಳಿದ್ದೆ ನೀನು."

"ಹೂಂ ಕಣೋ. ಹೇಳಿದ್ದೆ."

ಆ ಮಾತ್ರೆ ನುಂಗಿದ. ಆಮೇಲೆ ಅಂಗೈಯಲ್ಲಿ ಹೊಸ ಮಾತ್ರೆಯ ಚೂರನ್ನು ಹಿಡಿದು ಕೇಳಿದ: "ಇದರ ಡಬ್ಬಿ ಎಲ್ಲಿ?"

ಆಸ್ಪತ್ರೆಯವರು ಅದನ್ನು ಬರೀ ಕಾಗದದ ಪೊಟ್ಟಣದಲ್ಲಿ ಕಟ್ಟಿ ಕೊಟ್ಟಿದ್ದರು. ಮೇಲೆ ಹೆಸರಿರಲಿಲ್ಲ. ಹೆಸರಿರುವ ಡಬ್ಬಿ ತರಲು ನಾನು ಮತ್ತೆ ಚಪ್ಪಲಿ ಮೆಟ್ಟಿದೆ.