ಮೇಜಿನ ಕೆಳಗಿನ ನಾಯಿ

ಇಪ್ಪತ್ತೇಳು ವರ್ಷಗಳಿಂದ ನಾನು ಶಾಲಾ ಮಕ್ಕಳಿಗೆ ಚಿತ್ರ ತೋರಿಸುತ್ತ ಬಂದಿದ್ದೇನೆ. ಚಿತ್ರ ಬಿಡಿಸುವುದು ಕಷ್ಟ ಎನ್ನುವವರಿದ್ದಾರೆ. ನಲವತ್ತು ಮಕ್ಕಳನ್ನು ಒಂದೇ ಚಿತ್ರದ ಮುಂದೆ ಹನ್ನೆರಡು ನಿಮಿಷ ಕೂರಿಸಿ ನೋಡಲಿ, ಆಮೇಲೆ ಮಾತಾಡೋಣ. ನಮ್ಮ ಸಂಗ್ರಹಾಲಯದ ನಿಯಮವೇ ಹಾಗೆ: ಒಂದು ಗುಂಪಿಗೆ ಐದು ಚಿತ್ರ, ಒಂದೊಂದಕ್ಕೆ ಹನ್ನೆರಡು ನಿಮಿಷ, ಕೊನೆಗೆ ಹತ್ತು ಅಂಕದ ಉತ್ತರ ಪತ್ರಿಕೆ. ಈ ನಿಯಮ ಮಾಡಿದವರು ಯಾರೋ ಗೊತ್ತಿಲ್ಲ, ಅವರಿಗೆ ಮಕ್ಕಳಿರಲಿಲ್ಲ ಎಂಬುದು ಮಾತ್ರ ಖಂಡಿತ.

ಮೂರನೇ ಕೋಣೆಯಲ್ಲಿ ಒಂದು ದೊಡ್ಡ ಚಿತ್ರವಿದೆ. ಊಟದ ಮೇಜಿನ ಸುತ್ತ ಕುಳಿತ ಒಂದು ಕುಟುಂಬ: ತಂದೆ, ತಾಯಿ, ಅಜ್ಜಿ, ಮೂರು ಮಕ್ಕಳು. ಯಾರೂ ಉಣ್ಣುತ್ತಿಲ್ಲ, ಯಾರೂ ಮಾತಾಡುತ್ತಿಲ್ಲ. ನಾನು ಕೆಲಸಕ್ಕೆ ಸೇರಿದಾಗ ಅದರ ಮೇಲಿನ ವಾರ್ನಿಷ್ ಎಷ್ಟು ಕಪ್ಪಾಗಿತ್ತೆಂದರೆ, ಮೇಜಿನ ಅಂಚಿನಿಂದ ಕೆಳಗೆ ಬರೀ ಕಂದು ಕತ್ತಲೆ. ಬಲಗಡೆ ಒಂದು ಬಾಗಿಲಿದೆ ಎಂದು ಕಷ್ಟಪಟ್ಟು ಊಹಿಸಬಹುದಿತ್ತು. ಅದು ಹಾಕಿದೆಯೋ ತೆರೆದಿದೆಯೋ ಬರೆದವನಿಗೇ ಗೊತ್ತು.

ನನ್ನ ಮೊದಲ ವಾರದಲ್ಲೇ ಆ ಚಿತ್ರದ ಮುಂದೆ ಒಂದು ಪುಟ್ಟ ಹುಡುಗಿ ಮನೆಗೆ ಹೋಗಬೇಕೆಂದು ಅಳಲು ಶುರು ಮಾಡಿದಳು. ಮಕ್ಕಳ ಅಳು ಅಂಟುಜಾಡ್ಯ, ಎರಡನೇ ನಿಮಿಷದಲ್ಲಿ ಆರು ಜನ ಅಳುತ್ತಿದ್ದರು. ನನಗಾಗ ಇಪ್ಪತ್ತಮೂರು. ಕೈಕಾಲು ಆಡದೆ, ಮೇಜಿನ ಕೆಳಗೆ ಒಂದು ನಾಯಿ ಇದೆ, ಸುಮ್ಮನೆ ಕೂತವರಿಗೆ ಮಾತ್ರ ಕಾಣುತ್ತೆ ಎಂದುಬಿಟ್ಟೆ. ನಲವತ್ತು ಬಾಯಿಗಳೂ ಗಪ್‌ಚಿಪ್. ಹನ್ನೆರಡು ನಿಮಿಷ ಕಳೆದದ್ದೇ ತಿಳಿಯಲಿಲ್ಲ. ಹೊರಡುವಾಗ ಅತ್ತಿದ್ದ ಹುಡುಗಿ ಬಂದು ಅದರ ಕಿವಿ ಜೋತುಬಿದ್ದಿದೆ ಎಂದು ನನಗೇ ಪಾಠ ಹೇಳಿ ಹೋದಳು.

ಮಾರನೆಯ ಗುಂಪಿಗೂ ಅದನ್ನೇ ಹೇಳಿದೆ. ಒಂದು ಸಲ ದಕ್ಕಿದ ಸುಳ್ಳನ್ನು ಬಿಡುವಷ್ಟು ದೊಡ್ಡವಳು ನಾನಲ್ಲ. ಮೂರನೇ ತಿಂಗಳಿಗೆ ಮಕ್ಕಳು ಬಾಗಿಲಲ್ಲೇ ನಾಯಿಯನ್ನು ಕೇಳಿಕೊಂಡು ಬರತೊಡಗಿದರು. ಕಚೇರಿಯವರು ಹೊಸ ಉತ್ತರ ಪತ್ರಿಕೆ ಅಚ್ಚು ಹಾಕಿಸುವಾಗ ನನ್ನನ್ನು ಒಂದು ಮಾತೂ ಕೇಳದೆ ಐದನೇ ಪ್ರಶ್ನೆ ಸೇರಿಸಿದರು: ಮೇಜಿನ ಕೆಳಗಿರುವ ನಾಯಿ ಯಾವ ಕಡೆ ನೋಡುತ್ತಿದೆ? ಎರಡು ಅಂಕ. ಸರಿ ಉತ್ತರ ನನಗೆ ಹೇಗೆ ಗೊತ್ತಿರಬೇಕು? ಮೊದಲ ಕಟ್ಟಿನ ಮೇಲಿದ್ದ ಪತ್ರಿಕೆ ತೆಗೆದೆ. ದುಂಡು ದುಂಡಾದ ಅಕ್ಷರಗಳಲ್ಲಿ ‘ಬಾಗಿಲ ಕಡೆ’ ಎಂದಿತ್ತು. ಅದಕ್ಕೇ ಸರಿ ಗುರುತು ಹಾಕಿದೆ. ಅಂದಿನಿಂದ ನಾಯಿ ಬಾಗಿಲ ಕಡೆ ನೋಡುತ್ತಿದೆ.

ಇನ್ನು ನನ್ನ ತಮ್ಮನ ವಿಷಯ. ಅವನು ನನಗಿಂತ ಹನ್ನೆರಡು ವರ್ಷ ಚಿಕ್ಕವನು, ಅದೇ ಸಂಗ್ರಹಾಲಯದ ನೆಲಮಾಳಿಗೆಯಲ್ಲಿ ಹಳೆಯ ಚಿತ್ರಗಳ ಕೊಳೆ ತೆಗೆಯುವ ಕೆಲಸ. ಕಡ್ಡಿಗೆ ಹತ್ತಿ ಸುತ್ತಿ, ಔಷಧಿಯಲ್ಲಿ ಅದ್ದಿ, ದಿನಕ್ಕೆ ಒಂದು ಅಂಗೈಯಷ್ಟು ಜಾಗ ಒರೆಸುತ್ತಾನೆ. ಎಲ್ಲರೂ ಅವನನ್ನು ಹತ್ತಿಕಡ್ಡಿ ಎಂದೇ ಕರೆಯುವುದು. ಮಾತು ಕಡಿಮೆ, ಸತ್ಯದ ಚಟ ಜಾಸ್ತಿ. ಪಾರ್ಸೆಲ್ ಬಿಚ್ಚಿ ನೋಡದೆ ‘ತಲುಪಿದೆ’ ಎಂದು ಸಹಿ ಮಾಡದವನು. ಪೋಸ್ಟ್‌ಮ್ಯಾನ್ ನಮ್ಮ ಮನೆಗೆ ಬರುವಾಗ ತಿಂಡಿ ತಿಂದೇ ಬರುತ್ತಾನೆ.

ಹೋದ ವರ್ಷ ಮೂರನೇ ಕೋಣೆಯ ಚಿತ್ರವನ್ನು ಇಳಿಸಿ ಅವನ ಕೈಗೆ ಕೊಟ್ಟರು. ಹನ್ನೊಂದು ತಿಂಗಳು ಹಿಡಿಯಿತು. ಅಷ್ಟು ದಿನವೂ ಪ್ರವಾಸ ನಿಲ್ಲಿಸುವಂತಿಲ್ಲ ಎಂದು ಕಚೇರಿಯಿಂದ ಚೀಟಿ ಬಂತು. ಹಾಗಾಗಿ ಮಕ್ಕಳನ್ನು ಖಾಲಿ ಗೋಡೆಯ ಮುಂದೆ ಕೂರಿಸಿ, ಎರಡು ಮೊಳೆ ತೋರಿಸಿ, ಹನ್ನೆರಡು ನಿಮಿಷ ಮಾತಾಡಿದೆ. ಐದನೇ ಪ್ರಶ್ನೆಗೆ ಎಂದಿನಂತೆ ಎಲ್ಲರೂ ಸರಿಯಾಗಿ ಉತ್ತರಿಸಿದರು.

ಚಿತ್ರ ವಾಪಸು ಬಂದ ದಿನ ನಾನು ಬೆರಗಾಗಿ ನಿಂತೆ. ಮೇಜಿನ ಬಟ್ಟೆ ಹಾಲಿನಷ್ಟು ಬಿಳುಪು. ಅಜ್ಜಿಯ ಸೆರಗು ಹಸಿರು. ಬಲಗಡೆಯ ಬಾಗಿಲು ಹಾರುಹೊಡೆದಿತ್ತು, ಅದರಾಚೆ ಬಿಸಿಲು ಬಿದ್ದ ದಾರಿ. ಮೇಜಿನ ಕೆಳಗೆ ಕಪ್ಪು ಬಿಳಿ ಚೌಕದ ನೆಲ, ಆರು ಜೊತೆ ಪಾದ. ನಾಯಿ ಇಲ್ಲ. ಇಲ್ಲವೆಂದು ನನಗೆ ಮೊದಲೇ ಗೊತ್ತಿತ್ತು, ಆದರೂ ಬಗ್ಗಿ ಇನ್ನೊಮ್ಮೆ ಹುಡುಕಿದೆ.

ಮೊದಲ ಗುಂಪಿನ ಮಕ್ಕಳು ಐದು ನಿಮಿಷ ಸುಮ್ಮನೆ ನೋಡಿದರು. ಆಮೇಲೆ ಅವರ ಟೀಚರೇ ಎದ್ದು ನಾಯಿ ಎಲ್ಲಿ ಎಂದು ಕೇಳಿದರು. ಆಕೆಯೂ ನನ್ನ ಮುಂದೆ ಕೂತು ಎರಡು ಅಂಕ ತೆಗೆದುಕೊಂಡವಳೇ. ವಾರದೊಳಗೆ ಮುನ್ನೂರು ಪತ್ರ ಬಂದವು. ಯಾರೋ ಗೇಟಿನ ಕಂಬಕ್ಕೆ ‘ನಾಯಿ ಕಾಣೆಯಾಗಿದೆ, ಕಂದು ಬಣ್ಣ, ಜೋತುಕಿವಿ’ ಎಂದು ಕಾಗದ ಅಂಟಿಸಿದರು. ಎಲ್ಲರ ಬೆರಳೂ ತಿರುಗಿದ್ದು ನನ್ನ ತಮ್ಮನ ಕಡೆ. ಕೊಳೆ ತೆಗೆಯುವ ಭರದಲ್ಲಿ ಹತ್ತಿಕಡ್ಡಿ ನಾಯಿಯನ್ನೂ ಒರೆಸಿಬಿಟ್ಟಿದ್ದಾನೆ ಎಂಬುದೇ ಮಾತು.

ನಮ್ಮ ನಿರ್ದೇಶಕರಿಗೆ ಮೂವತ್ತೈದು ವರ್ಷ. ಮೂರನೇ ಕ್ಲಾಸಿನಲ್ಲಿ ಅವರೂ ನನ್ನ ಗುಂಪಿನಲ್ಲಿ ಬಂದವರು. ಆಗಿನ ಉತ್ತರ ಪತ್ರಿಕೆಗೆ ಪ್ಲಾಸ್ಟಿಕ್ ಹಾಕಿಸಿ ತಮ್ಮ ಕುರ್ಚಿಯ ಹಿಂದೆ ತೂಗುಹಾಕಿದ್ದಾರೆ: ಹತ್ತಕ್ಕೆ ಹತ್ತು. ಜೀವನದಲ್ಲಿ ಪೂರ್ತಿ ಅಂಕ ಬಂದದ್ದು ಅದೊಂದಕ್ಕೇ ಎಂದು ಬಂದವರಿಗೆಲ್ಲ ತೋರಿಸುತ್ತಾರೆ. ಅವರು ಒಂದು ವಿಚಾರಣಾ ಸಮಿತಿ ರಚಿಸಿದರು: ತಾವು, ಒಬ್ಬ ನಿವೃತ್ತ ನ್ಯಾಯಾಧೀಶರು, ಒಬ್ಬ ಶಾಲಾ ಇನ್‌ಸ್ಪೆಕ್ಟರು.

ಸಾಕ್ಷ್ಯಕ್ಕೆ ಬರವಿರಲಿಲ್ಲ. ನಾವು ಕಾಗದ ಬಿಸಾಡುವ ಜಾತಿಯವರಲ್ಲ. ದಾಖಲೆ ಕೋಣೆಯಲ್ಲಿ ನಲವತ್ತೊಂದು ಸಾವಿರ ಉತ್ತರ ಪತ್ರಿಕೆಗಳಿದ್ದವು. ಅವನ್ನೆಲ್ಲ ಕೈಗಾಡಿಯಲ್ಲಿ ತಂದು ಸುರಿದರು. ಇಷ್ಟು ಪ್ರತ್ಯಕ್ಷ ಸಾಕ್ಷಿಗಳಿರುವ ಮೊಕದ್ದಮೆಯನ್ನು ತಮ್ಮ ಇಡೀ ವೃತ್ತಿಯಲ್ಲಿ ಕಂಡಿಲ್ಲ ಎಂದರು ನ್ಯಾಯಾಧೀಶರು. ಆಮೇಲೆ ತಮ್ಮನ ಕಡ್ಡಿಗಳ ಸರದಿ. ಅವನು ಬಳಸಿದ ಒಂದೊಂದು ಹತ್ತಿಯನ್ನೂ ತಾರೀಖು ಬರೆದು ಸೀಸೆಗಳಲ್ಲಿ ತುಂಬಿಟ್ಟಿದ್ದ. ಎಲ್ಲ ಹತ್ತಿಯೂ ಕಂದು. ನಾಯಿಯ ಬಣ್ಣ ಯಾವುದು ಎಂದು ಇನ್‌ಸ್ಪೆಕ್ಟರು ಕಡತ ತೆಗೆದು ನೋಡಿದರು. ಅದೂ ಕಂದು. ಮೂವರೂ ಸೀಸೆಗಳ ಮುಂದೆ ಒಂದು ನಿಮಿಷ ತಲೆ ತಗ್ಗಿಸಿ ನಿಂತರು.

ತಮ್ಮನನ್ನು ಕರೆದು ಕೇಳಿದ್ದಕ್ಕೆ, ಇದ್ದದ್ದು ಇದ್ದ ಹಾಗೇ ಇದೆ ಎಂದಷ್ಟೇ ಹೇಳಿ ಕೈಕಟ್ಟಿ ನಿಂತ. ನನಗೆ ಮೈಯೆಲ್ಲ ಉರಿಯಿತು. ನಾಯಿ ಇರಲೇ ಇಲ್ಲ ಎಂದು ಒಂದು ಮಾತು ಹೇಳಲು ಇವನಿಗೇನು ಧಾಡಿ? ಊರಿನವರ ತಪ್ಪು ತಿದ್ದುವವನು ಇಲ್ಲಿ ಬಾಯಿಗೆ ಬೀಗ ಹಾಕಿಕೊಂಡಿದ್ದಾನೆ. ಸಮಿತಿ ಆದೇಶ ಕೊಟ್ಟಿತು: ಹದಿನೈದು ದಿನದೊಳಗೆ ನಾಯಿಯನ್ನು ಇದ್ದ ಜಾಗದಲ್ಲೇ ಬರೆದುಕೊಡಬೇಕು, ಇಲ್ಲದಿದ್ದರೆ ಕೆಲಸದಿಂದ ವಜಾ. ಅಸಲು ಚಿತ್ರಕಾರ ಕುಂಚ ಇಡದ ಕಡೆ ತಾನು ಇಡುವುದಿಲ್ಲ ಎಂದು ಅವನು ನೆಲಮಾಳಿಗೆಗೆ ಇಳಿದುಹೋದ. ಸಂಜೆ ಹೋಗಿ ನೋಡಿದರೆ ಕುಂಚಗಳನ್ನೆಲ್ಲ ತೊಳೆದು, ಹಳೇ ಟವೆಲಿನಲ್ಲಿ ಉದ್ದದ ಪ್ರಕಾರ ಜೋಡಿಸಿ ಸುತ್ತುತ್ತಿದ್ದ. ಆ ಕೆಲಸ ಬಿಟ್ಟರೆ ಅವನಿಗೆ ಬೇರೆ ಲೋಕವಿಲ್ಲ. ನನ್ನ ಬಾಯಿಂದ ಹೊರಟ ನಾಯಿ ಕಚ್ಚಿದ್ದು ಅವನನ್ನು.

ಮಾರನೆಯ ಬೆಳಗ್ಗೆ ನಿರ್ದೇಶಕರ ಕೋಣೆಗೆ ಹೋದೆ.

“ಸರ್, ನಾಯಿ ಇರಲೇ ಇಲ್ಲ. ಅದು ನಾನು ಹೇಳಿದ ಸುಳ್ಳು. ಮಕ್ಕಳು ಅಳ್ತಿದ್ರು, ಅದಕ್ಕೆ ಹೇಳಿದೆ.”

ಅವರು ಎದ್ದು ಬಂದು ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು. “ತಮ್ಮನ್ನ ಉಳಿಸ್ಕೊಳ್ಳೋಕೆ ಅಕ್ಕ ಏನು ಬೇಕಾದ್ರೂ ಹೇಳ್ತಾಳೆ. ಅದು ದೊಡ್ಡ ಗುಣ, ಮಿಸ್.”

“ನೀವು ಅದನ್ನ ನೋಡಿರಲಿಲ್ಲ ಸರ್.”

“ನೋಡದೇನೇ ಹತ್ತಕ್ಕೆ ಹತ್ತು ಬರುತ್ತಾ?” ಎಂದು ಅವರು ಗೋಡೆ ತೋರಿಸಿದರು. ಅಂಕದ ಕೆಳಗೆ ನನ್ನದೇ ಸಹಿ ಇತ್ತು.

ಅಷ್ಟಕ್ಕೆ ಬಿಡದೆ ಸಮಿತಿಗೂ ಬರೆದುಕೊಟ್ಟೆ. ಸಾಕ್ಷಿ ಆರೋಪಿಯ ರಕ್ತಸಂಬಂಧಿ, ಹೇಳಿಕೆ ಪರಿಗಣನೆಗೆ ಯೋಗ್ಯವಲ್ಲ ಎಂದು ಷರಾ ಬಿತ್ತು. ಇಪ್ಪತ್ತೇಳು ವರ್ಷ ಸುಳ್ಳು ಹೇಳಿದಾಗ ಒಬ್ಬರೂ ತಕರಾರು ತೆಗೆಯಲಿಲ್ಲ. ಒಂದು ದಿನ ನಿಜ ಹೇಳಿದ್ದಕ್ಕೆ ನಂಬಿಕೆಗೆ ಅರ್ಹಳಲ್ಲದವಳಾದೆ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರ ಮುಂದೆ ನಾಲ್ಕನೇ ಕಾಲು ಎಳೆದು ತೋರಿಸಿದರೂ ಅಷ್ಟೆ.

ಮನೆಗೆ ಬಂದು ಅಮ್ಮನ ಮುಂದೆ ಎಲ್ಲ ಕಕ್ಕಿದೆ. ಅಮ್ಮ ಮೊರದ ತುಂಬ ಬಟಾಣಿ ಸುಲಿಯುತ್ತ ಕೂತಿದ್ದಳು. ನನ್ನ ಸುಳ್ಳಿನ ಭಾಗ ಬಂದಾಗ ತಲೆ ಕೂಡ ಎತ್ತಲಿಲ್ಲ. ಕೊನೆಗೆ ಕೇಳಿದ್ದು ಒಂದೇ ಮಾತು.

“ಬಾಗಿಲು ಹಾಕಿತ್ತಾ?”

ಯಾವ ಬಾಗಿಲು ಎಂದೆ. ಚಿತ್ರದ್ದು ಎಂದಳು. ಕೊಳೆ ತೆಗೆದ ಮೇಲೆ ತೆರೆದ ಹಾಗೆ ಕಾಣುತ್ತದೆ ಎಂದೆ.

“ಇಪ್ಪತ್ತೇಳು ವರ್ಷದಿಂದ ಬಾಗಿಲ ಕಡೆನೇ ನೋಡ್ತಾ ಕೂತಿದ್ದ ನಾಯಿ. ಬಾಗಿಲು ತೆಗೆದಿಟ್ರೆ ಒಳಗೆ ಇರುತ್ತಾ?”

ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಹೆಂಗಸಿನ ಹೊಟ್ಟೆಯಲ್ಲಿ ಹುಟ್ಟಿದವಳು ನಾನು, ಸುಳ್ಳು ಎಲ್ಲಿಂದ ಬಂತು ಎಂದು ಬೇರೆ ಹುಡುಕಬೇಕಾಗಿಲ್ಲ. ಆದರೆ ಆ ಮಾತು ತಲೆಯಲ್ಲಿ ಕೂತುಬಿಟ್ಟಿತು.

ಹದಿನಾಲ್ಕನೇ ದಿನ ಸಮಿತಿಯ ಮುಂದೆ ಹೋಗಿ ಹೇಳಿಕೆ ಬದಲಾಯಿಸುತ್ತೇನೆ ಎಂದೆ. ನಾಯಿ ಇತ್ತು, ಆದರೆ ಅಳಿಸಿಹೋಗಿಲ್ಲ, ಹೊರಗೆ ಹೋಗಿದೆ ಎಂದೆ. ಒಮ್ಮೆ ಹೇಳಿದ್ದು ಅಳುವ ಮಕ್ಕಳಿಗಾಗಿ. ಈ ಸಲ ಮೂವರು ಬೆಳೆದ ಗಂಡಸರ ಕಣ್ಣಲ್ಲಿ ಕಣ್ಣಿಟ್ಟು ಹೇಳುತ್ತಿದ್ದೆ, ನಾಚಿಕೆಯಾಯಿತು. ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿಕೊಂಡರು. ಸ್ಥಳ ಪರಿಶೀಲನೆ ಆಗಲೇಬೇಕು ಎಂದರು.

ನಾಲ್ವರೂ ಮೂರನೇ ಕೋಣೆಗೆ ಹೋದೆವು. ಮಕ್ಕಳು ಕೂರುವ ಕಡೆ, ನೆಲದ ಮೇಲೆ, ಸಮಿತಿ ಚಕ್ಕಳಮಕ್ಕಳ ಹಾಕಿ ಕೂತಿತು. ಹನ್ನೆರಡು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಇನ್‌ಸ್ಪೆಕ್ಟರು, ಮೂವತ್ತೆಂಟು ಸಾವಿರ ಮಕ್ಕಳು ‘ಬಾಗಿಲ ಕಡೆ’ ಎಂದೇ ಬರೆದಿರುವುದು ಈ ವಾದಕ್ಕೆ ಬಲ ಕೊಡುತ್ತದೆ ಎಂದು ಮೆಲ್ಲಗೆ ಹೇಳಿದರು. ನಿರ್ದೇಶಕರು ತೆರೆದ ಬಾಗಿಲನ್ನೇ ನೋಡುತ್ತಿದ್ದರು, ಅವರ ಕಣ್ಣು ತುಂಬಿತ್ತು.

“ಹಾಗಾದ್ರೆ ಅದಕ್ಕೇನೂ ಆಗಿಲ್ಲ ಅಲ್ವಾ ಮಿಸ್?”

ಏನೂ ಆಗಿಲ್ಲ ಎಂದೆ.

ತೀರ್ಪು ಅಂದೇ ಟೈಪಾಯಿತು. ನಾಯಿಯನ್ನು ಅಳಿಸಿದ ಆರೋಪ ಸಾಬೀತಾಗಿಲ್ಲ. ಕೆಲಸದ ವೇಳೆ ಚಿತ್ರದ ಬಾಗಿಲನ್ನು ತೆರೆದಿಟ್ಟ ಅಲಕ್ಷ್ಯ ಮಾತ್ರ ಸಾಬೀತಾಗಿದೆ. ಶಿಕ್ಷೆ ಎಂದರೆ ಮೂರು ಸಾಲಿನ ತಪ್ಪೊಪ್ಪಿಗೆಗೆ ಸಹಿ: ಬಾಗಿಲು ತೆರೆದಿಟ್ಟದ್ದು ನನ್ನ ತಪ್ಪು. ನಾಯಿ ಹಿಂತಿರುಗಿದಲ್ಲಿ ಕಚೇರಿಗೆ ತಿಳಿಸುತ್ತೇನೆ. ಇನ್ನು ಮುಂದೆ ಬಾಗಿಲನ್ನು ಮುಚ್ಚಿರುತ್ತೇನೆ.

ಕಾಗದ ಹಿಡಿದು ನೆಲಮಾಳಿಗೆಗೆ ಇಳಿದೆ. ಸಹಿ ಮಾಡಿದರೆ ಕೆಲಸ ಉಳಿಯುತ್ತದೆ. ಪಾರ್ಸೆಲಿಗೇ ಸಹಿ ಮಾಡದವನು ಇದಕ್ಕೆ ಮಾಡುತ್ತಾನೆಯೇ? ಅವನು ಕಿಟಕಿಯ ಬೆಳಕಿನಲ್ಲಿ ನಿಂತು ಮೂರು ಸಲ ಓದಿದ.

“ಅಕ್ಕ, ಬಾಗಿಲ ಕಡೆ ನೋಡ್ತಿದೆ ಅಂತ ಮೊದಲು ಬರೆದಿದ್ದು ಯಾರು?”

ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೊಸ ಪತ್ರಿಕೆ ಬಂದ ದಿನ ಮೊದಲ ಗುಂಪು ಅವನ ಶಾಲೆಯದು, ಆರನೇ ಕ್ಲಾಸು.

“ನೀನೇ,” ಎಂದೆ. “ಆದ್ರೆ ಅಲ್ಲಿ ಏನೂ ಇರಲಿಲ್ಲ ಕಣೋ. ಅವತ್ತು ನಿನಗೂ ಸುಳ್ಳೇ ಹೇಳಿದ್ದು.”

“ಗೊತ್ತು.” ಅವನು ಕಾಗದವನ್ನು ಮೇಜಿನ ಮೇಲೆ ಹರವಿದ. “ಮೇಜಿನ ಕೆಳಗಿನ ಜಾಗನ ಕೊನೆಗೆ ಅಂತ ಇಟ್ಕೊಂಡಿದ್ದೆ. ನಾಲ್ಕು ತಿಂಗಳು ಅದೊಂದನ್ನೇ ಒರೆಸಿದೆ. ಎಲ್ಲಿ ಅದರ ಕಣ್ಣಿಗೆ ತಗುಲುತ್ತೋ ಅಂತ ಒಂದು ದಿನಾನೂ ಒತ್ತಲಿಲ್ಲ.”

ಮತ್ತೆ ಸಮಿತಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಇರಲಿಲ್ಲ ಅಂದ್ರೆ ನೀನು ಸುಳ್ಳು ಹೇಳಿದ್ದೆ ಅಂತ ಆಗುತ್ತಲ್ಲ.”

ಪೆನ್ನು ತೆಗೆದುಕೊಂಡು ಮೊದಲ ಸಾಲು ಹಾಗೇ ಬಿಟ್ಟ, ಎರಡನೆಯದನ್ನೂ ಬಿಟ್ಟ. ಮೂರನೇ ಸಾಲನ್ನು ಸ್ಕೇಲ್ ಇಟ್ಟು ನೀಟಾಗಿ ಹೊಡೆದುಹಾಕಿ, ಕೆಳಗೆ ಏನೋ ಬರೆದು ಸಹಿ ಮಾಡಿ ನನ್ನ ಕೈಗೆ ಕೊಟ್ಟ. ಮೆಟ್ಟಿಲು ಹತ್ತುತ್ತ ಓದಿದೆ. ಅದೇ ದುಂಡು ದುಂಡಾದ ಅಕ್ಷರ: ‘ಬಾಗಿಲು ತೆರೆದೇ ಇರಲಿ. ಅದಕ್ಕೆ ವಾಪಸು ಬರಬೇಕು ಅನಿಸಬಹುದು.’