ಮುಮತಾಜಳ ತೀರ್ಪಿನ ನಕಲು

ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎನ್ನುತ್ತಾರೆ. ಮುಮತಾಜ ಸೋತು ಐದು ವರ್ಷವಾಗಿತ್ತು. ಸತ್ತಿರಲಿಲ್ಲ, ಬಬಲೇಶ್ವರದಲ್ಲಿ ಎರಡು ಮಕ್ಕಳ ತಾಯಿಯಾಗಿ ಸಂಸಾರ ನಡೆಸಿಕೊಂಡಿದ್ದಳು. ಆದರೆ ಆ ಸೋಲು ಈಗ ಎದ್ದು ಬಂದು ತಂಗಿಯ ಕಾಲಿಗೆ ತೊಡರಿಕೊಂಡಿದೆ ಎಂದು ಕೇಳಿದಂದಿನಿಂದ ಅವಳಿಗೆ ಅದೇ ಚಿಂತೆಯಾಗಿತ್ತು.

ತಿಕೋಟಾದಲ್ಲಿ ಎತ್ತು ಕುದುರೆಗಳ ಗೊರಸಿಗೆ ನಾಲು ಬಡಿಯುತ್ತಿದ್ದ ಅವರ ತಂದೆ ಲಾಡಲೇಸಾಬ, ಹನ್ನೆರಡು ತುಂಬುವ ಮೊದಲೇ ಇಬ್ಬರು ಹೆಣ್ಣುಮಕ್ಕಳ ನಿಕಾಹ ಮುಗಿಸಿ, ದೊಡ್ಡವರಾದ ಮೇಲೆ ಕಳಿಸುತ್ತೇನೆಂದು ಮಾತು ಕೊಟ್ಟು, ತಾನು ಕಣ್ಣು ಮುಚ್ಚಿದ್ದ. ಮಾತು ಕೊಡುವವರಿಗೇನು, ಉಳಿಸಿಕೊಳ್ಳುವವರು ಬೇರೆ. ಹದಿನಾರಕ್ಕೆ ಮುಮತಾಜ ಒಲ್ಲೆ ಎಂದು ಕೋರ್ಟಿಗೆ ಹೋದಳು. ತಂದೆ ಮಾಡಿಕೊಟ್ಟ ನಿಕಾಹ, ಬಿಡಲು ಬರುವುದಿಲ್ಲ ಎಂದು ತೀರ್ಪಾಯಿತು. ಕೋರ್ಟೇ ಹೇಳಿದ ಮೇಲೆ ಇನ್ನೇನೆಂದು ತಾಯಿ ಗಂಟುಮೂಟೆ ಕಟ್ಟಿ ಬಬಲೇಶ್ವರಕ್ಕೆ, ಗಂಡನ ಮನೆಗೆ ಕಳಿಸಿದಳು.

ಈಗ ೧೯೪೬. ತಂಗಿ ರಹಿಮಾಬಿಗೆ ಹದಿನೇಳು. ಅವಳೂ ಒಲ್ಲೆ ಎಂದು ಕೋರ್ಟು ಹತ್ತಿದ್ದಳು. ಗಂಡನ ಕಡೆಯ ವಕೀಲರು ಅಕ್ಕನ ತೀರ್ಪನ್ನೇ ಹಿಡಿದು ಕೂತಿದ್ದರು. ಅದೇ ತಂದೆ, ಅಂಥದೇ ನಿಕಾಹ, ಅದೇ ಕೋರ್ಟು. ತೀರ್ಪು ಬೇರೆ ಹೇಗಾದೀತು?

ವಿಚಾರಣೆಯ ದಿನ ಬೆಳಿಗ್ಗೆ ಅಕ್ಕತಂಗಿಯರು ವಿಜಾಪುರದ ಸಿದ್ಧೇಶ್ವರ ಗುಡಿಯ ಹಿಂದಿದ್ದ ವಕೀಲ ಬಸಲಿಂಗಯ್ಯನವರ ಮನೆಯಲ್ಲಿ ಕೂತಿದ್ದರು. ಮುಮತಾಜ ತನ್ನ ತೀರ್ಪಿನ ನಕಲನ್ನು ಟ್ರಂಕಿನಿಂದ ತೆಗೆದು ತಂದಿದ್ದಳು. ಇಂಗ್ಲಿಷಿನಲ್ಲಿದ್ದ ಅದನ್ನು ಅವಳು ಓದಿದವಳಲ್ಲ.

ವಕೀಲರು ಸಾಲುಸಾಲಿಗೂ ಬೆರಳಿಟ್ಟು ನೋಡುತ್ತ, "ಇಲ್ಲ... ಇಲ್ಲಿನೂ ಇಲ್ಲ..." ಎನ್ನುತ್ತಿದ್ದರು. ಒಂದೊಂದು ಇಲ್ಲಕ್ಕೂ ಮುಮತಾಜ ಹೆದರಿ ತಂಗಿಯ ಮುಖ ನೋಡುತ್ತಿದ್ದಳು. ಕೊನೆಯ ಹಾಳೆ ಮುಗಿಸಿ ಅವರು ತೊಡೆ ತಟ್ಟಿ ನಕ್ಕರು.

"ಇಲ್ಲೇ ಇಲ್ಲ!"

"ಏನಿಲ್ರೀ ಸಾಹೇಬ್ರ?"

"ಮೂವತ್ತೊಂಬತ್ತನೇ ಇಸವಿ ಕಾಯ್ದೆ, ನೋಡವಾ. ಅಪ್ಪ ಮಾಡಿಕೊಟ್ಟ ನಿಕಾಹ ಆದ್ರೂ, ಗಂಡನ ಮನಿಗೆ ಹೋಗದ ಹುಡುಗಿ ಹದಿನೆಂಟರೊಳಗ ಒಲ್ಲೆ ಅಂದ್ರ ಬಿಡಿಸಬೇಕಂತ ಅದರಾಗೈತಿ. ನಿಮ್ಮ ಆಗಿನ ವಕೀಲ ಅದನ್ನ ತೋರಿಸಿಲ್ಲ, ನ್ಯಾಯಾಧೀಶರು ನೋಡಿಲ್ಲ. ಕಾಯ್ದೆ ನೋಡದ ಕೊಟ್ಟ ತೀರ್ಪು ಮುಂದಿನವ್ರನ್ನ ಕಟ್ಟಿಹಾಕೂದಿಲ್ಲ."

ರಹಿಮಾಬಿ ಅಕ್ಕನ ಕೈ ಗಟ್ಟಿಯಾಗಿ ಹಿಡಿದಳು. ಮುಮತಾಜಳಿಗೂ ಸಂತೋಷವೇ ಆಯಿತು. ಆಮೇಲೆ ಅವಳು ಮೆಲ್ಲಗೆ ಕೇಳಿದಳು.

"ನನ್ನ ತೀರ್ಪು ನಲವತ್ತೊಂದ್ರಾಗ ಆಗಿದ್ದಲ್ರೀ?"

ವಕೀಲರ ನಗು ನಿಂತಿತು. ಕನ್ನಡಕ ತೆಗೆದು ಒರೆಸತೊಡಗಿದರು. "ಹೊತ್ತಾತು, ನಡೀರಿ," ಎಂದರು.

ಕೋರ್ಟಿನಲ್ಲಿ ಎದುರು ವಕೀಲರು ಮುಮತಾಜಳ ಹೆಸರನ್ನು ಆರೇಳು ಸಲ ಎತ್ತಿದರು. ಪ್ರತಿ ಸಲವೂ, ತಾನೇ ತಂಗಿಯನ್ನು ಹಿಡಿದು ಆ ಮನೆಗೆ ನೂಕುತ್ತಿದ್ದೇನೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಬಸಲಿಂಗಯ್ಯ ಕಾಯ್ದೆ ಪುಸ್ತಕ ತೆರೆದು ಮುಂದಿಟ್ಟರು. ನ್ಯಾಯಾಧೀಶರು ಅದನ್ನೂ ಹಳೆಯ ತೀರ್ಪನ್ನೂ ಎರಡೆರಡು ಸಲ ಓದಿದರು. ಊಟದ ಹೊತ್ತು ಕಳೆದ ಮೇಲೆ ಹೇಳಿದರು: ಹಿಂದಿನ ತೀರ್ಪು ಕಾಯ್ದೆಯನ್ನು ಗಮನಿಸದೆ ಕೊಟ್ಟದ್ದು, ಅದನ್ನು ಅನುಸರಿಸಬೇಕಾಗಿಲ್ಲ, ರಹಿಮಾಬಿಯ ನಿಕಾಹ ರದ್ದು.

ಹೊರಗೆ ಬೇವಿನ ಗಿಡದ ಕೆಳಗೆ ರಹಿಮಾಬಿ ಅಳುತ್ತ ನಗುತ್ತಿದ್ದಳು. ಮುಮತಾಜ ವಕೀಲರನ್ನು ಕೇಳಿದಳು.

"ಹಂಗಾರ ನಂದ್ರೀ?"

"ಅಪೀಲಿನ ಮುದತು ಎಂದೋ ಮುಗದೈತಿ. ನೀವು ಆ ಮನಿ ಸೇರಿ ಮಕ್ಕಳೂ ಆಗ್ಯಾವ," ಎಂದು ಅವರು ನೆಲ ನೋಡಿದರು. "ಮುಂದಿನವ್ರಿಗೆ ಅದು ಬರೇ ಕಾಗದ, ನೋಡವಾ. ನಿಮಗೊಬ್ಬರಿಗೆ ತೀರ್ಪು."

ಮುಮತಾಜ ನಕಲನ್ನು ಮೊದಲಿದ್ದ ಮಡಿಕೆಯಲ್ಲೇ ಮಡಚಿದಳು. ಇಷ್ಟು ಹೊತ್ತು ತಂಗಿಗಾಗಿ ಹೆದರಿದ್ದ ಜೀವಕ್ಕೆ ಈಗ ಹೆದರಲು ಏನೂ ಉಳಿದಿರಲಿಲ್ಲ. ಉಳಿದದ್ದು ತನ್ನ ತೀರ್ಪೊಂದೇ, ಅದು ಅವಳಿಗೆ ತಡೆಯಲಾರದಷ್ಟು ದುಃಖವಾಯಿತು.

"ಆಪಾ, ಬಾ ಲಗೂನ," ರಹಿಮಾಬಿ ಖುಷಿಯಲ್ಲಿ ಮೈಮರೆತು ಕೂಗಿದಳು, "ತಿಕೋಟಾ ಮೋಟಾರ ಹೊಂಟೈತಿ, ಮನಿಗೆ ಹೋಗೂಣು!"

"ನೀ ಹತ್ತು ಬೇ," ಎಂದಳು ಮುಮತಾಜ. "ನಂದು ಬಬಲೇಶ್ವರದ್ದು."