ಚಾಕುವಿಗೆ ಅಂಟಿದ್ದ ಪುಡಿ

ಮೊಮ್ಮಗಳಿಗೆ ಏನೂ ತಿನ್ನಿಸಬೇಡ ಅಂದರೆ ಯಾವ ತಾತ ತಾನೇ ಸುಮ್ಮನಿರುತ್ತಾನೆ? ಅದರಲ್ಲೂ ಆ ತಾತ ಬೇಕರಿಯವನಾಗಿದ್ದರೆ?

ಶಾಲೆಯ ಬೀದಿಯ ತಿರುವಿನಲ್ಲಿ ಅವನ ಬೇಕರಿ. ಊರೆಲ್ಲ ಅವನನ್ನು ಕರೆಯುತ್ತಿದ್ದದ್ದೇ ಬೇಕರಿ ತಾತ ಎಂದು. ತನ್ನ ಕೈಯ ಬನ್ನು ತಿಂದು ಯಾರಿಗೂ ಹೊಟ್ಟೆನೋವು ಕೂಡ ಬಂದದ್ದಿಲ್ಲ ಎನ್ನುವುದು ಅವನ ಹೆಮ್ಮೆ. ಮೊಮ್ಮಗಳಿಗೆ ಐದು ವರ್ಷ. ಬಾಯಿ ತೆರೆದರೆ ಮುಚ್ಚುವ ಮಾತೇ ಇಲ್ಲ. ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಚಿನಕುರುಳಿ.

ಅವಳು ಶಾಲೆಗೆ ಸೇರಿದ ದಿನ ಬೆಳಿಗ್ಗೆ ಸೊಸೆ ಬೇಕರಿಗೆ ಬಂದು ನಿಂತಳು.

"ಮಾವ, ಇವಳಿಗೆ ಕಡಲೆಬೀಜ ಆಗಲ್ಲ ಅಂತ ಟೀಚರಿಗೆ ಹೇಳಿದ್ದೀನಿ. ನಿಮಗೂ ಇನ್ನೊಂದ್ಸಲ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಬೇಕರಿದು ಏನೂ ಕೊಡಬೇಡಿ."

"ಏನೂ ಅಂದ್ರೆ? ನಾನೇನು ಎಲ್ಲದಕ್ಕೂ ಕಡಲೆಬೀಜ ಸುರೀತೀನಾ?"

"ಸುರಿಯಲ್ಲ. ಆದ್ರೆ ಎಲ್ಲೋ ಒಂದು ಕಡೆ ತಗುಲಿರುತ್ತೆ."

"ತಗುಲೋದಕ್ಕೆ ಅದೇನು ಕರೆಂಟಾ?" ತಾತ ನಕ್ಕ. "ನಮ್ಮ ಕಾಲದಲ್ಲಿ ಮಣ್ಣು ತಿಂದು ಬೆಳೆದ್ವಿ. ಅಲರ್ಜಿ ಗಿಲರ್ಜಿ ಎಲ್ಲಿತ್ತು? ಚೂರು ಚೂರು ಕೊಟ್ಟು ಅಭ್ಯಾಸ ಮಾಡಿಸಿದ್ರೆ ಸರಿಹೋಗುತ್ತೆ ಬಿಡು."

ಸೊಸೆಯ ಮುಖ ಸಪ್ಪಗಾಯಿತು. "ಮಾವ, ಅದನ್ನ ಡಾಕ್ಟರು ಕಣ್ಣಲ್ಲಿ ಕಣ್ಣಿಟ್ಟು ಮಾಡ್ಬೇಕು. ಮನೇಲಿ ನೋಡೋ ಪ್ರಯೋಗ ಅಲ್ಲ. ಹೋದ ವರ್ಷ ಇವಳ ಮುಖ ಊದಿಕೊಂಡಾಗ ನೀವು ಊರಲ್ಲಿ ಇರಲಿಲ್ಲ. ನಾನು ನೋಡಿದ್ದೀನಿ."

ತಾತ ಹೂಂ ಅಂದ. ಆದರೆ ಅದು ಬಾಯಿಮಾತಿನ ಹೂಂ. ಈಗಿನ ಹುಡುಗಿಯರಿಗೆ ಎಲ್ಲದಕ್ಕೂ ಭಯ ಎಂದು ಒಳಗೊಳಗೇ ಗೊಣಗಿಕೊಂಡ.

ಕೆಲವು ವಾರ ಕಳೆದವು. ಒಂದು ದಿನ ಟೀಚರ್ ಬೇಕರಿಗೆ ಬಂದರು. "ತಾತ, ನಮ್ಮ ಮಕ್ಕಳಿಗೆ ಹಿಟ್ಟು ನಾದೋದು ತೋರಿಸ್ತೀರಾ? ಬರೀ ಮೈದಾ ಬಂದ್ರೆ ಸಾಕು, ಅದೂ ಹೊಸ ಪ್ಯಾಕೆಟ್ಟು. ತಿನ್ನೋಕೆ ಮಾತ್ರ ಏನೂ ತರಬೇಡಿ."

ತಾತನಿಗೆ ಖುಷಿಯೋ ಖುಷಿ. ಒಗೆದ ಅಂಗಿ ತೊಟ್ಟು, ಹೊಸ ಮೈದಾ ಪ್ಯಾಕೆಟ್ಟು ಹಿಡಿದು ಹೊರಟ. ಹೊರಡುವಾಗ ಕೈ ಸುಮ್ಮನಿರಲಿಲ್ಲ. ಬಿಸಿ ಬನ್ನೊಂದನ್ನು ಎತ್ತಿಕೊಂಡ. ಹಾಲು, ಸಕ್ಕರೆ, ಮೈದಾ ಬಿಟ್ಟರೆ ಅದರಲ್ಲಿ ಬೇರೇನಿಲ್ಲ. ಹಲಗೆಯ ಮೇಲಿದ್ದ ಚಾಕುವಿನಿಂದ ಸೀಳಿ, ಬೆಣ್ಣೆ ಸವರಿ, ಕಾಗದದಲ್ಲಿ ಸುತ್ತಿ ಜೇಬಿಗೆ ಇಳಿಸಿದ. ಸ್ವಲ್ಪ ಹೊತ್ತಿನ ಮುಂಚೆ ಅದೇ ಚಾಕುವಿನಿಂದ ಕಡಲೆಬೀಜದ ಕೇಕು ಕತ್ತರಿಸಿದ್ದ. ಬಟ್ಟೆಯಲ್ಲಿ ಒರೆಸಿಯೂ ಇದ್ದ. ಚಾಕು ಫಳಫಳ ಹೊಳೆಯುತ್ತಿತ್ತು.

ಶಾಲೆಯ ಪಡಸಾಲೆಯಲ್ಲಿ ಚಿನಕುರುಳಿ ಓಡಿಬಂದು ಕಾಲಿಗೆ ಜೋತುಬಿದ್ದಳು. ತಾತ ಬನ್ನನ್ನು ಅವಳ ಕೈಗೆ ತುರುಕಿದ. "ಬೇಗ ತಿಂದ್ಬಿಡು. ಟೀಚರಿಗೆ ಹೇಳ್ಬೇಡ."

"ಅಮ್ಮ ಬೈತಾಳೆ ತಾತ."

"ಇದರಲ್ಲಿ ಕಡಲೆಬೀಜ ಇಲ್ಲ ಕಣೇ ಪುಟ್ಟಿ. ತಾತ ಸುಳ್ಳು ಹೇಳ್ತಾನಾ?"

ತಾತ ಸುಳ್ಳು ಹೇಳಿರಲಿಲ್ಲ. ಅವನಿಗೆ ಗೊತ್ತಿದ್ದದ್ದೇ ಅಷ್ಟು. ಮಗು ಒಂದೆರಡು ತುತ್ತು ಕಚ್ಚಿತು. ಉಳಿದದ್ದು ಮತ್ತೆ ತಾತನ ಜೇಬು ಸೇರಿತು.

ತರಗತಿಯಲ್ಲಿ ಪುಟ್ಟ ಪುಟ್ಟ ಕೈಗಳು ಹಿಟ್ಟಿನ ಸುತ್ತ ಸೇರಿದವು. ತಾತ ಹಿಟ್ಟು ಮಡಚಿ ಒತ್ತುವುದನ್ನು ತೋರಿಸುತ್ತಿದ್ದ. ಮಕ್ಕಳು ಕೇಕೆ ಹಾಕುತ್ತಿದ್ದವು. ಅಷ್ಟರಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತಳು.

"ಟೀಚರ್, ಚಿನಕುರುಳಿ ಮಾತಾಡ್ತಿಲ್ಲ."

ಟೀಚರ್ ಥಟ್ಟನೆ ತಿರುಗಿದರು. ಮಗು ಕತ್ತು ಕೆರೆದುಕೊಳ್ಳುತ್ತಿತ್ತು. ತುಟಿ ದಪ್ಪಗಾಗಿತ್ತು. ಕೆಮ್ಮು ಒಂದರ ಹಿಂದೆ ಒಂದು. "ಟೀಚರ್, ಗಂಟಲಲ್ಲಿ ಏನೋ ಇದೆ," ಅಂದಿತು. ಧ್ವನಿ ಅದರದ್ದಾಗಿರಲಿಲ್ಲ, ಬಿರಿದ ಕೊಳಲಿನ ಹಾಗಿತ್ತು.

"ಇವಳು ಏನು ತಿಂದಳು? ಯಾರಾದ್ರೂ ನೋಡಿದ್ರಾ?"

ತಾತನ ಕೈ ಜೇಬಿನಲ್ಲಿದ್ದ ಬನ್ನಿನ ಮೇಲೆ ಹೋಯಿತು. ಇಷ್ಟು ಜನರ ಮುಂದೆ ಹೇಗೆ ಹೇಳುವುದು? ಹೇಳದಿದ್ದರೆ? ಮೊಮ್ಮಗಳ ಎದೆ ಏದುಸಿರಿಗೆ ಎದ್ದು ಬೀಳುವುದು ಕಂಡಿತು.

"ನಾನೇ ಕೊಟ್ಟೆ, ಟೀಚರಮ್ಮ. ಬನ್ನು. ಈಗತಾನೆ. ಕಡಲೆಬೀಜ ಇರಲಿಲ್ಲ... ಆದರೆ ಬೇಕರಿದೇ."

ಟೀಚರ್ ಒಂದು ಮಾತೂ ಬೈಯಲಿಲ್ಲ. ಬೈಯುವುದಕ್ಕೆ ಪುರುಸೊತ್ತಿರಲಿಲ್ಲ. ಮಗುವನ್ನು ನೆಲದ ಮೇಲೆ ಕಾಲು ಚಾಚಿಸಿ ತಮ್ಮ ಎದೆಗೆ ಒರಗಿಸಿ ಕೂರಿಸಿಕೊಂಡರು. ಎರಡು ಜಡೆಯವಳು ಆಗಲೇ ಚಿನಕುರುಳಿಯ ಚೀಲ ತಂದಿಟ್ಟಿದ್ದಳು. ಅದರಿಂದ ಟೀಚರ್, ಅಲರ್ಜಿಗೆಂದು ಡಾಕ್ಟರು ಬರೆದುಕೊಟ್ಟಿದ್ದ, ದಪ್ಪ ಪೆನ್ನಿನಂಥ ಸೂಜಿಯೊಂದನ್ನು ತೆಗೆದರು. ಮುಚ್ಚಳ ಕಿತ್ತು, ಮಗುವಿನ ತೊಡೆಯ ಹೊರಬದಿಗೆ ಬಟ್ಟೆಯ ಮೇಲಿಂದಲೇ ಗಟ್ಟಿಯಾಗಿ ಒತ್ತಿ ಹಿಡಿದರು. ಟಕ್ ಎಂದಿತು.

"ಆಂಬುಲೆನ್ಸಿಗೆ ಫೋನ್ ಮಾಡಿ! ಅಲರ್ಜಿ, ಉಸಿರಾಟದ ತೊಂದರೆ ಅಂತ ಹೇಳಿ!" ಎಂದು ಪಕ್ಕದ ತರಗತಿಯವರಿಗೆ ಕೂಗಿದರು.

ತಾತ ಮುಂದೆ ಬಾಗಿದ. "ನೀರು ಕುಡಿಸ್ಲಾ? ಎತ್ತಿಕೊಂಡು ಓಡಿಬಿಡ್ಲಾ ಆಸ್ಪತ್ರೆಗೆ?"

"ಬೇಡ ತಾತ. ಎತ್ತಬಾರದು, ನಿಲ್ಲಿಸಬಾರದು, ಬಾಯಿಗೆ ಏನೂ ಹಾಕಬಾರದು. ಕೈ ಹಿಡ್ಕೊಂಡು ಕೂತಿರಿ."

ತಾತ ಕುಳಿತ. ಆಗ ಕಂಡದ್ದನ್ನು ಅವನು ತನ್ನ ಜೀವಮಾನದಲ್ಲಿ ಕಂಡಿರಲಿಲ್ಲ. ಹಾಲುಹಲ್ಲಿನ ಮಕ್ಕಳು, ಗಲಾಟೆಗೇ ಹುಟ್ಟಿದಂತಿದ್ದವರು, ಯಾರೂ ಹೇಳದೆ ಒಬ್ಬರ ಹಿಂದೆ ಒಬ್ಬರು ಸಾಲಾಗಿ ಪಕ್ಕದ ಕೋಣೆಗೆ ನಡೆದರು. ಒಂದು ಅಳು ಇಲ್ಲ, ಒಂದು ಕೂಗಿಲ್ಲ. ಇವರಿಗೆ ಇದೆಲ್ಲ ಯಾರು ಕಲಿಸಿದರು? ಯಾವಾಗ ಕಲಿಸಿದರು?

ಕೈಯೊಳಗಿನ ಪುಟ್ಟ ಕೈ ನಿಧಾನವಾಗಿ ಬೆಚ್ಚಗಾಯಿತು. ಸುಂಯ್‌ಗುಡುತ್ತಿದ್ದ ಉಸಿರು ಸಡಿಲಾಯಿತು. ಕೆಮ್ಮಿನ ನಡುವೆ ಬಿಡುವು ಬಂತು. ಬಿಳಿಚಿಕೊಂಡಿದ್ದ ಕೆನ್ನೆಗೆ ಬಣ್ಣ ಮರಳಿತು. ಒಲೆಯೊಳಗೆ ಹಿಟ್ಟು ಉಬ್ಬುವುದನ್ನು ದಿನವೂ ನೋಡಿಯೂ ಬೆರಗಾಗುವ ಮನುಷ್ಯ ಅವನು. ಆದರೆ ಇದರ ಮುಂದೆ ಅದು ಏನೇನೂ ಅಲ್ಲ. ಬೆರಳುದ್ದದ ಪೆನ್ನು, ಅದರೊಳಗೆ ಒಂದಿಷ್ಟು ಔಷಧಿ. ಹೋಗುತ್ತಿದ್ದ ಉಸಿರನ್ನು ಕೈ ಹಿಡಿದು ವಾಪಸು ಕರೆತಂದಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಮಗುವನ್ನು ಕೆಲವು ಗಂಟೆ ಇಟ್ಟುಕೊಂಡರು. "ಸೂಜಿ ಬೇಗ ಬಿತ್ತು, ಒಳ್ಳೇದಾಯ್ತು. ಆದ್ರೂ ಇದು ಒಮ್ಮೊಮ್ಮೆ ಇಳಿದು ಮತ್ತೆ ಏರುತ್ತೆ. ಅದಕ್ಕೇ ಹುಷಾರಾದಂತೆ ಕಂಡರೂ ಆಸ್ಪತ್ರೆಗೆ ಬರಲೇಬೇಕು."

"ಡಾಕ್ಟ್ರೇ, ಆ ಬನ್ನಲ್ಲಿ ಕಡಲೆಬೀಜ ಇರಲಿಲ್ಲ."

"ಯಾವುದರಲ್ಲಿ ಕತ್ತರಿಸಿದ್ರಿ?"

ತಾತನಿಗೆ ಚಾಕು ನೆನಪಾಯಿತು. "ಒರೆಸಿದ್ದೆ..."

"ಬಟ್ಟೆಯಲ್ಲಿ ಒರೆಸಿದ್ರೆ ಹೋಗಲ್ಲ. ಸೋಪು ಹಾಕಿ ತೊಳೀಬೇಕು. ಕೈಯೂ ಅಷ್ಟೇ. ಕೆಲವು ಮಕ್ಕಳಿಗೆ ಕಣ್ಣಿಗೆ ಕಾಣದಷ್ಟು ಪುಡಿ ಸಾಕು."

ಕಣ್ಣಿಗೆ ಕಾಣದಷ್ಟು! ತಾತ ತನ್ನ ಅಂಗೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡ. ಊರಿಗೆಲ್ಲ ತಿನ್ನಿಸಿದ ಕೈ. ಈ ಕೈಯಲ್ಲಿ ಇಂಥದ್ದೊಂದು ಇರಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ.

ಸೊಸೆ ಓಡೋಡಿ ಬಂದಳು. ಮಗುವನ್ನು ಅಪ್ಪಿಕೊಂಡು ಬಹಳ ಹೊತ್ತು ಕುಳಿತಳು. ಆಮೇಲೆ ಮಾವನ ಕಡೆ ನೋಡಿದಳು.

"ನಿನ್ನ ಮಾತು ಕೇಳಲಿಲ್ಲ ತಾಯಿ," ಎಂದ ತಾತ.

"ಸಿಟ್ಟು ಬಂದಿದೆ ಮಾವ, ಇಲ್ಲ ಅನ್ನಲ್ಲ. ಆದ್ರೆ ಕೇಳಿದ ತಕ್ಷಣ ನಿಜ ಹೇಳಿದ್ರಂತೆ. ನೀವು ಸುಮ್ಮನಿದ್ದಿದ್ರೆ ಟೀಚರಿಗೆ ಗೊತ್ತಾಗೋಕೆ ತಡ ಆಗ್ತಿತ್ತು." ಅವಳು ಕಣ್ಣೊರೆಸಿಕೊಂಡಳು.

ಈಗ ಬೇಕರಿಯ ಮುಂದೆ ದೊಡ್ಡ ಅಕ್ಷರದ ಫಲಕವಿದೆ: "ಇಲ್ಲಿನ ಯಾವ ತಿಂಡಿಗಾದರೂ ಕಡಲೆಬೀಜ ತಗುಲಿರಬಹುದು. ಮಗುವಿಗೆ ಅಲರ್ಜಿ ಇದ್ದರೆ ದಯವಿಟ್ಟು ಕೊಳ್ಳಬೇಡಿ." ವ್ಯಾಪಾರ ಕೆಡುತ್ತೆ ಎಂದವರಿಗೆ ತಾತ, "ಕೆಟ್ಟರೆ ಕೆಡಲಿ ಬಿಡಿ," ಎನ್ನುತ್ತಾನೆ. ಮೊಮ್ಮಗಳನ್ನು ಕರೆತರಲು ಹೋಗುವ ಮುಂಚೆ ಅಂಗಿ ಬದಲಾಯಿಸಿ, ಮೊಣಕೈವರೆಗೂ ಸೋಪು ಹಚ್ಚಿ ತೊಳೆಯುತ್ತಾನೆ.

ಶಾಲೆಗೂ ಹೋದ. ಟೀಚರ್ ಕೊಟ್ಟ ಸೂಜಿಯಿಲ್ಲದ ಅಭ್ಯಾಸದ ಪೆನ್ನನ್ನು ಹಿಡಿದು ಕುಳಿತ. ಮಕ್ಕಳು ಸುತ್ತ ಮುತ್ತಿಕೊಂಡವು.

"ಹಾಗಲ್ಲ ತಾತ! ಹೆಬ್ಬೆರಳು ತುದಿ ಮೇಲೆ ಇಡಬಾರದು. ಮುಷ್ಟಿ ಕಟ್ಟಿ ಹಿಡೀಬೇಕು," ಎಂದಳು ಎರಡು ಜಡೆಯವಳು. ತಾತ ವಿಧೇಯ ವಿದ್ಯಾರ್ಥಿಯ ಹಾಗೆ ತಿದ್ದಿಕೊಂಡ. ಇಷ್ಟು ಸಣ್ಣ ತಲೆಗಳಲ್ಲಿ ಇಷ್ಟು ದೊಡ್ಡ ಕಾಳಜಿ ಹೇಗೆ ಹಿಡಿಸಿತು ಎನ್ನುವುದೇ ಅವನಿಗೆ ಇಂದಿಗೂ ಸೋಜಿಗ.

ಅಮ್ಮಂದಿರೇ, ಅಪ್ಪಂದಿರೇ, ಅಜ್ಜ ಅಜ್ಜಿಯರೇ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇಂಥ ಮಗು ಇರಬಹುದು. ಯಾವ ತಿಂಡಿ ಆಗುವುದಿಲ್ಲ ಎಂದು ಶಾಲೆಗೆ ಮೊದಲೇ ತಿಳಿಸಿ. ಡಾಕ್ಟರು ಬರೆದುಕೊಟ್ಟ ಔಷಧಿ ಮಗು ಇರುವಲ್ಲೇ, ಕೈಗೆ ಸಿಗುವಂತೆ ಇರಲಿ; ಅದನ್ನು ಬಳಸುವುದನ್ನು ಮಗುವಿನ ಸುತ್ತ ಇರುವವರೆಲ್ಲ ಕಲಿಯಲಿ. ಒಬ್ಬರ ಡಬ್ಬಿಯ ತಿಂಡಿಯನ್ನು ಇನ್ನೊಬ್ಬರು ತಿನ್ನಬಾರದೆಂದು ಮಕ್ಕಳಿಗೆ ಪ್ರೀತಿಯಿಂದ ಹೇಳಿಕೊಡಿ. ಕೇಳದೆ ಯಾವ ಮಗುವಿನ ಬಾಯಿಗೂ ಏನೂ ಇಡಬೇಡಿ.

ಒಂದು ವೇಳೆ ಕೈತಪ್ಪಿ ಕೊಟ್ಟುಬಿಟ್ಟಿದ್ದರೆ, ಮುಚ್ಚಿಡಬೇಡಿ. ಕೂಡಲೇ ಬಾಯಿಬಿಟ್ಟು ಹೇಳಿ. ಬೈಸಿಕೊಳ್ಳಲು ನಮಗೆ ಆಮೇಲೆ ಬೇಕಾದಷ್ಟು ಹೊತ್ತಿದೆ. ಮಗುವಿನ ಉಸಿರಿಗೆ ಅಷ್ಟು ಹೊತ್ತಿಲ್ಲ.